ಪಡುವಣಕ್ಕೆ ಹೋಗದ ನೀರು

ಲಗ್ಗೆರೆಯ ಮೂರನೇ ಮಹಡಿ. ರಾತ್ರಿ ಹನ್ನೊಂದೂವರೆ.
ಕಸ್ತೂರಿ ಪಾಳಿ ಮುಗಿಸಿ ಬಂದು
ಕಾಲು ತೊಳೆಯದೆ ಕೂತಿದ್ದಾಳೆ, ಟ್ಯಾಂಕರ್ ಬರುವುದು ನಾಳೆ.
ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ನಾನು
ಒಂದು ಗೆರೆ ಎಳೆದಿದ್ದೇನೆ, ಮೇಲಿಂದ ಕೆಳಕ್ಕೆ, ಸೊಟ್ಟಗೆ.
ಎಡಗಡೆ ಏನೂ ಬರೆದಿಲ್ಲ. ಅದು ಸಮುದ್ರ.

ಕಾರವಾರ. ಅಲ್ಲಿ ಅವಳಿಗೆ ಕೆಲಸ ಇದೆ, ನನಗಿಲ್ಲ.
ಮಲ್ಪೆ. ನನಗೆ ಎರಡು ಕಡೆ ಇದೆ, ಬಾಡಿಗೆ ಕೇಳಿದರೆ
ಇಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ.
ಗಂಗೊಳ್ಳಿಯ ಐಸ್ ಫ್ಯಾಕ್ಟರಿಯವನು ಫೋನಿನಲ್ಲಿ ಕೇಳಿದ್ದು ಒಂದೇ:
ಅಮೋನಿಯಾ ವಾಸನೆಗೆ ಓಡಿಹೋಗುವವನಲ್ಲ ತಾನೆ?
ಅವಳ ಆಸ್ಪತ್ರೆ ಕುಂದಾಪುರದಲ್ಲಿ, ಹೊಳೆಯಾಚೆ,
ದೀಪ ಕಾಣುವಷ್ಟು ಹತ್ತಿರ.
ಬಸ್ಸು ಮಾತ್ರ ಸೇತುವೆ ಹುಡುಕಿಕೊಂಡು ಊರೆಲ್ಲ ಸುತ್ತುತ್ತದೆ.

"ಕಾಣ್ತದ, ಕೈಗೆ ಸಿಗೂದಿಲ್ಲ," ಅಂದಳು. "ನಿನ್ನಂಗ."

ನಾನು ಮಾಲೂರಿನವನು, ಅವಳು ಯಾದಗಿರಿ.
ಇಬ್ಬರ ವಂಶದಲ್ಲೂ ಈಜು ಬಂದವರಿಲ್ಲ.
ಅವಳಪ್ಪ ಕೇಳಿದರು: ಜೋಳ ಸಿಗ್ತದೇನು ಅಲ್ಲಿ?
ನನ್ನಕ್ಕ ಏನೂ ಕೇಳಲಿಲ್ಲ, ಫೋನಿಟ್ಟಳು.
ನಾವು ಸಮುದ್ರ ನೋಡಿದ್ದು ಒಂದೇ ಸಲ, ಮದುವೆಯಾದ ಹೊಸದು,
ಮರವಂತೆಯಲ್ಲಿ ಬಸ್ಸು ಪಂಕ್ಚರ್ ಆಗಿ, ಇಪ್ಪತ್ತು ನಿಮಿಷ.
ಅವಳು ಸೀರೆ ಎತ್ತಿ ಮೊಣಕಾಲುದ್ದ ನಿಂತಳು.
ಪಾದದಡಿಯ ಮರಳು ಜಾರಿದಾಗ
ನನ್ನನ್ನು ಕೂಗಲಿಲ್ಲ, ನಕ್ಕಳು.
ಆ ನಗು ಈ ಒಂಬತ್ತು ವರ್ಷದಲ್ಲಿ
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ, ಮನೆಯಲ್ಲಿ, ಎಲ್ಲೂ
ಮತ್ತೆ ಕೇಳಿದ ನೆನಪಿಲ್ಲ.

ಕಸುಬಿನವನ ಲೆಕ್ಕ ಬೇರೆ. ಉಪ್ಪುಗಾಳಿಯಲ್ಲಿ
ತಾಮ್ರದ ಕೊಳವೆ ಹಸಿರಾಗುತ್ತದೆ,
ತಗಡು ಹಪ್ಪಳದಂತೆ ಉದುರುತ್ತದೆ,
ಇಲ್ಲಿ ಹತ್ತು ವರ್ಷ ಬಾಳುವ ಯಂತ್ರ ಅಲ್ಲಿ ನಾಲ್ಕಕ್ಕೇ ಮಲಗುತ್ತದೆ.
"ಹಂಗಾದ್ರ ನಿನಗ ಕೆಲ್ಸ ತಪ್ಪೂದಿಲ್ಲ."
ನಮಗೂ ಹಿಡಿಯುತ್ತದೆ ತುಕ್ಕು, ಅಂದೆ.
"ಇಲ್ಲೇನು ಹಿಡಿದಿಲ್ಲಾ?"

ಆಮೇಲೆ ಅವಳಾಗಿಯೇ ತೆಗೆದಳು
ಆರನೇ ಬೆಡ್ಡಿನ ಕೆಂಪಹೊನ್ನಯ್ಯನ ಮಾತು.
ವಾರಕ್ಕೆ ಮೂರು ಸಲ, ನಾಲ್ಕು ತಾಸು, ಆರು ವರ್ಷದಿಂದ ಡಯಾಲಿಸಿಸ್;
ಬೇರೆಯವರು ಸೂಜಿ ಹಿಡಿದು ಬಂದರೆ ಮುಖ ತಿರುಗಿಸುವ ಆಸಾಮಿ.
ಚುಚ್ಚುವ ಮೊದಲು ಅವನ ತೋಳಿನ ಉಬ್ಬುನರಕ್ಕೆ
ಸ್ಟೆತಸ್ಕೋಪ್ ಇಟ್ಟು ಆಲಿಸಬೇಕು, ರಕ್ತದ ಓಟ ಸರಿಯಿದೆಯೇ ಎಂದು.
ಹುಸ್ಸ್, ಹುಸ್ಸ್, ಎನ್ನುತ್ತದೆ ಒಳಗೆ.
ಇವತ್ತು ಅವನ ಕಿವಿಗೇ ಕೊಟ್ಟು ಕೇಳಿಸಿದಳಂತೆ.
"ಅಲೆ ಇದ್ದಂಗೈತಲ್ಲವ್ವ," ಅಂದನಂತೆ,
ಟೀವಿಯಲ್ಲಿ ಬಿಟ್ಟರೆ ಅಲೆ ನೋಡದವನು.
ತಾನು ಹೊರಡುವ ವಿಷಯ ಅವಳು ಅವನಿಗೆ ಹೇಳಿಲ್ಲ.

ಪೆನ್ನು ಕಾರವಾರದ ಮೇಲೆ ನಿಂತಿತು. ಕೆಳಗಿಳಿಯಿತು. ನಿಂತಿತು.

ಈ ಊರು ಎತ್ತರದ್ದು. ಇಲ್ಲಿ ಚೆಲ್ಲಿದ ನೀರು
ಯಾವ ಮೋರಿಗೆ ಬಿದ್ದರೂ ಕೊನೆಗೆ ಮೂಡಣ ಕಡಲಿಗೇ ಅಂತೆ;
ವೃಷಭಾವತಿಯ ನೊರೆ ಕೂಡ, ಅರ್ಕಾವತಿ ಹಿಡಿದು, ಕಾವೇರಿ ಹಿಡಿದು.
ಒಂದು ಹನಿಯೂ ಪಡುವಣಕ್ಕೆ ಹೋಗುವುದಿಲ್ಲ.
ಅಂದರೆ ನಾನು ಅಕ್ಕಿ ತೊಳೆದದ್ದು, ಅವಳು ಸಮವಸ್ತ್ರ ಹಿಂಡಿದ್ದು
ಒಂಬತ್ತು ವರ್ಷದಿಂದ ಸಮುದ್ರ ಸೇರುತ್ತಲೇ ಇದೆ,
ಬಾಡಿಗೆ ವಿಚಾರಿಸದೆ, ಅಪ್ಪನನ್ನು ಅಕ್ಕನನ್ನು ಕೇಳದೆ.
ಹೊರಡದೆ ಉಳಿದದ್ದು ನಾವಿಬ್ಬರೇ.
ಅದೂ ಈಗ ಎದುರು ದಿಕ್ಕಿಗೆ.

ಅವಳಿಗೆ ಇದನ್ನು ಹೇಳಿದೆ. ಆಕಳಿಸಿದಳು.
ಪೆನ್ನು ಕಸಿದುಕೊಂಡು ಗಂಗೊಳ್ಳಿಗೂ ಕುಂದಾಪುರಕ್ಕೂ ನಡುವೆ
ಒಂದು ಗೆರೆ ಎಳೆದಳು, ಸೇತುವೆಯಿಲ್ಲದ ಕಡೆ, ನೇರಕ್ಕೆ.
"ದೋಣಿ ಇರ್ತದಲ್ಲ. ಕೇಳು ನಾಳೆ."
ಬಕೆಟ್ಟಿನ ತಳದ ಅರ್ಧ ಚೊಂಬು ನೀರಿನಲ್ಲಿ
ಒಂದು ಕಾಲು ತೊಳೆದಳು,
ಇನ್ನೊಂದಕ್ಕೆ ಸಾಲದೆ ಹಾಗೇ ಬಂದು ಮಲಗಿದಳು.