ಬಲಗಡೆಯ ಶಿಫ್ಟ್

ಮೊದಲು ಕೈಕೊಟ್ಟದ್ದು ಎನ್.
ಆಮೇಲೆ ಎ. ಮಧ್ಯಾಹ್ನದ ಬಾಂಗಿನ ಹೊತ್ತಿಗೆ
ಇಪ್ಪತ್ತಾರೂ ಮುಷ್ಕರ ಹೂಡಿದ್ದವು.
ಶ್ರೀಲಂಕಾದ ನಂದಾವತಿಯ ಹೆಸರು ತೆರೆಯ ಮೇಲೆ
ಹಲ್ಲುದುರಿದ ಬಾಯಿಯ ಹಾಗೆ.

ರಾಸ್ ಅಲ್ ಖೈಮಾದ ನಖೀಲ್ ಬೀದಿಯಲ್ಲಿ
ಲಾಂಡ್ರಿಗೂ ಕ್ಷೌರದಂಗಡಿಗೂ ನಡುವೆ
ಸಿಕ್ಕಿಕೊಂಡ ಟೈಪಿಂಗ್ ಸೆಂಟರು ನಮ್ಮದು.
ವೀಸಾ, ಬಾಡಿಗೆ ಕರಾರು,
ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿ,
ಹೆಂಡತಿಯನ್ನು ವಾಪಸು ಕಳಿಸುವ ಅರ್ಜಿ,
ಎಲ್ಲ ಈ ಒಂದೇ ಲ್ಯಾಪ್‌ಟಾಪಿನಿಂದ ಹೊರಡಬೇಕು.
ಮೋನಾಕ ಗಲ್ಲಾದಿಂದಲೇ ಅಂದರು:
"ಚಾ ಚೆಲ್ಲಿದ್ದು ನೀನೇ. ಹೊಸದು ಈದ್ ಕಳೆದ ಮೇಲೆ."

ನಾನು ಚಾ ಚೆಲ್ಲಿಲ್ಲ ಮಾರಾಯ್ರೆ.

ಆರಿಸಿದೆ. ಬ್ಯಾಟರಿ ಕಳಚಿದೆ. ಮಗುಚಿ ಹಿಡಿದು
ಬೆನ್ನು ತಟ್ಟಿದೆ, ನೆತ್ತಿಗೆ ಹತ್ತಿದ ಮಗುವಿಗೆ ತಟ್ಟುವ ಹಾಗೆ.
ಉದುರಿದ್ದು ಮರಳು.
ಶಮಾಲ್ ಗಾಳಿ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುವ
ಅಕ್ಕಿಹಿಟ್ಟಿಗಿಂತ ಸಣ್ಣ ಮರಳು.
ಮತ್ತೆ ಎರಡು ಎಳ್ಳು, ಖುಬ್ಬೂಸಿನ ಚೂರು,
ಸ್ಟೇಪ್ಲರ್ ಪಿನ್ನು, ಒಂದು ರೆಪ್ಪೆಗೂದಲು.
ಅದು ನನ್ನದೇ. ಇಷ್ಟು ಬಗ್ಗಿ
ಇಲ್ಲಿ ಕೂರುವವರು ಬೇರೆ ಯಾರು?

ಪಕ್ಕದ ತೊಫಜ್ಜಲ್, ಗಿರಾಕಿಗಳ ಕುತ್ತಿಗೆ ಗುಡಿಸುವ ಬ್ರಷ್ ಕೊಟ್ಟ.
ಔಷಧದಂಗಡಿಯ ಸ್ಪಿರಿಟ್ಟಿಗೆ ಕಿವಿಕಡ್ಡಿ ಅದ್ದಿಟ್ಟು
ಎನ್‌ನ ಟೋಪಿಯನ್ನು ಉಗುರಲ್ಲಿ ಎಬ್ಬಿಸಿದೆ. ಟಕ್.
ಕೆಳಗೆ ಕತ್ತರಿಯಂಥ ಪುಟ್ಟ ಬಿಳಿ ಕಾಲು,
ನಡುವೆ ರಬ್ಬರಿನ ಗುಬುಟು,
ಸುತ್ತ ಖರ್ಜೂರದ ಕಂದು ಪಾಕ.
ಇಫ್ತಾರಿನ ಹೊತ್ತಿಗೆ ಇಲ್ಲಿ ಕೂತು
ಕ್ರಿಕೆಟ್ ಸ್ಕೋರು ನೋಡುವವರು ಮೋನಾಕ ಒಬ್ಬರೇ.
ನಾನು ಬಾಯಿ ಬಿಡಲಿಲ್ಲ.
ಒರೆಸಿದೆ. ಆರಲು ಬಿಟ್ಟೆ. ಕೂರಿಸಿದೆ. ಟಕ್.

ಎನ್ ಈಗ ಚಿಗರೆಯಂತೆ ಪುಟಿಯುತ್ತದೆ.
ಆದರೂ ಅಕ್ಷರ ಬರುವುದಿಲ್ಲ.
ಒತ್ತಿ ಬಿಟ್ಟರೆ ಇಲ್ಲ, ಒತ್ತಿಯೇ ಇದ್ದರೆ ಬರುತ್ತದೆ,
ಕರೆದ ಮೇಲೆ ಚಪ್ಪಲಿ ಹುಡುಕಿ ಹೊರಡುವವರ ಹಾಗೆ.

ಆಗ ನೆನಪಾದ ಬೆಳಗಿನ ಮೊದಲ ಗಿರಾಕಿ.
ಸ್ವಾತ್ ಕಡೆಯ ಗುಲ್‌ಜರೀನ್,
ಕಲ್ಲುಕ್ವಾರಿಯಲ್ಲಿ ಮೂವತ್ತೊಂದು ವರ್ಷ. ವೀಸಾ ರದ್ದು.
"ಹೆಸರು ಸರಿಯಾ ನೋಡಿ" ಎಂದು
ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿ
ಝೆರಾಕ್ಸಿನ ಕಡೆ ಹೋದವಳು ಅಲ್ಲಿಂದಲೇ ಕಂಡೆ:
ಅವನು ಓದಲಿಲ್ಲ. ಓದು ಬಾರದು.
ಕೇಳಿದ್ದು ಹೆಬ್ಬೆಟ್ಟು ಎಂದುಕೊಂಡು
ಕೈಯನ್ನು ಕಮೀಜಿಗೆ ಒರೆಸಿ
ಬಲಗಡೆಯ ಶಿಫ್ಟಿನ ಮೇಲೆ ಊರಿದ.
ಅಷ್ಟು ಅಗಲದ ಗುಂಡಿ ಮತ್ತೆ ಯಾತಕ್ಕೆ?

ವಿಮಾನ ನಿಲ್ದಾಣ, ಆಸ್ಪತ್ರೆ, ಕ್ಯಾಂಪಿನ ಗೇಟು
ಕಲಿಸಿದ ಪಾಠ ಒಂದೇ:
ಸದ್ದಾಗುವ ತನಕ ಬೆರಳು ಎತ್ತಬಾರದು.
ಎಂಟು ಸೆಕೆಂಡು. ಸದ್ದಾಯಿತು. ಎತ್ತಿದ.
ತೆರೆಯ ಮೇಲೆ ಏನೋ ಪ್ರಶ್ನೆ ಎದ್ದಿತ್ತು;
ನಾನು ಓಡಿಬಂದು, ಓದದೆ, ಎಂಟರ್ ಕುಟ್ಟಿದೆ.
ಓದು ಬರುವವಳು.

ಸೆಟ್ಟಿಂಗಿನ ಒಳಕೋಣೆಯಲ್ಲಿ ಸಿಕ್ಕಿತು: ಫಿಲ್ಟರ್ ಕೀಸ್.
ಕೈ ನಡುಗುವವರಿಗೆಂದು ಇಟ್ಟ ಸೌಕರ್ಯ.
ತಾಗಿ ಹೋದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ,
ತಂಗಿದ ಬೆರಳನ್ನಷ್ಟೇ ನಂಬುತ್ತದೆ.
ಬಂಡೆ ಕೊರೆಯುವ ಯಂತ್ರ ಹಿಡಿದ ಕೈ ಅದು,
ಪಾಸ್‌ಪೋರ್ಟು ಕೊಡುವಾಗಲೂ ಪಟಪಟ ಅನ್ನುತ್ತಿತ್ತು.

ಅವನ ಅರ್ಜಿ ಅರ್ಧಕ್ಕೆ ನಿಂತಿತ್ತು.
ಸಂಜೆ ಬಾ ಎಂದರೂ ಹೋಗದೆ
ಲಾಂಡ್ರಿಯ ಮೆಟ್ಟಿಲ ಮೇಲೆ ಕೂತಿದ್ದ.
ಆ ಸೌಕರ್ಯವನ್ನು ಹಾಗೇ ಬಿಟ್ಟು ಬರೆದೆ.
ಜಿ. ತಂಗಿದೆ. ಯು. ತಂಗಿದೆ. ಎಲ್.
ಮೋನಾಕ ಗಡಿಯಾರ ನೋಡಿದರು,
ಮತ್ತೆ ನೋಡಿದರು.

ಆಮೇಲೆ ಗುರುತು ತೆಗೆದೆ.
ಅಕ್ಷರಗಳು ಬಾಣಲೆಯ ಸಾಸಿವೆಯಂತೆ ಸಿಡಿದವು,
ನಂದಾವತಿಗೆ ಎಲ್ಲ ಹಲ್ಲೂ ಬಂದವು.

ತೊಫಜ್ಜಲನ ಬ್ರಷ್ ಇನ್ನೂ ನನ್ನ ಡ್ರಾಯರಿನಲ್ಲಿದೆ,
ಯಾರದೋ ಬಿಳಿ ಕೂದಲು, ಮರಳು.
ದಿನಾ ಕೇಳುತ್ತಾನೆ.
ತೊಳೆದು ಕೊಡಬೇಕು.