ವ್ಯಾನು ಕೊಂಡವರಿಗೆ

ಬೀಗದ ಕೈ ಕೊಟ್ಟೆ, ಕಾಗದಕ್ಕೆ ಸಹಿ ಹಾಕಿದೆ,
ದುಡ್ಡು ಎಣಿಸಿಕೊಂಡದ್ದೂ ಆಯಿತು.
ಹೇಳದೆ ಉಳಿದದ್ದನ್ನು ಈ ಚೀಟಿಯಲ್ಲಿ ಬರೆದು
ಡ್ಯಾಶ್‌ಬೋರ್ಡಿನ ಗೂಡಲ್ಲಿಟ್ಟಿದ್ದೇನೆ.
ಟೌನ್ಸ್‌ವಿಲ್ ದಾಟಿದ ಮೇಲೆ ಓದಿ.

ಎರಡನೇ ಗೇರು ಮುಂಗೋಪಿ. ಗದರಬೇಡಿ.
ಕ್ಲಚ್ಚು ಪೂರ್ತಿ ಒತ್ತಿ, ಒಂದು ಉಸಿರು ಬಿಟ್ಟು
ಆಮೇಲೆ ಕೇಳಿ, ಕೊಡುತ್ತದೆ.
ಎಂಬತ್ತರ ಮೇಲೆ ಓಡುವುದಿಲ್ಲ, ಓಡಿಸಲೂಬೇಡಿ.
ಹಿಂದೆ ಹಾರ್ನು ಹೊಡೆದವರಿಗೆಲ್ಲ ದಾರಿ ಬಿಟ್ಟುಕೊಟ್ಟೇ
ನಾನೂ ಏವಿಸ್‌ಳೂ ಹದಿನಾಲ್ಕು ಚಳಿಗಾಲ
ಈ ಕರಾವಳಿಯನ್ನು ಹತ್ತಿದ್ದು, ಇಳಿದದ್ದು.

ಮೊದಲ ರಾತ್ರಿಗೆ ಇಂಗಮ್‌ನ ಆಚೆ
ಕಬ್ಬಿನ ಗದ್ದೆಗೆ ಬೆನ್ನು ಕೊಟ್ಟ ಬೋರ್ಟೊಲುಸ್ಸಿಯವರ ಹಿತ್ತಲು.
ಬೋರ್ಡಿಲ್ಲ. ಹಳದಿ ಬಳಿದ ಟ್ರ್ಯಾಕ್ಟರ್ ಟೈರು ಕಂಡಲ್ಲಿ ತಿರುಗಿ.
ಹತ್ತು ಡಾಲರು ಬಿಸ್ಕೆಟ್ ಡಬ್ಬಿಗೆ ಹಾಕಿ;
ಯಾರೂ ಎಣಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.
ನಡುರಾತ್ರಿ ಕಬ್ಬಿನ ಪುಟ್ಟ ರೈಲು
ನಿಮ್ಮ ತಲೆದಿಂಬಿನ ಕೆಳಗೇ ಹಾದುಹೋದೀತು.
ಬೆಳಿಗ್ಗೆ ಪಿಯೆರಿನಾ ಅಜ್ಜಿ ಕಾಫಿ ತಂದರೆ
ಬೇಡ ಅನ್ನಬೇಡಿ, ಸಕ್ಕರೆ ಎಷ್ಟೆಂದೂ ಹೇಳಬೇಡಿ.
ಅವಳು ಹಾಕಿದಷ್ಟು.

ಕಾರ್ಡ್‌ವೆಲ್‌ನಲ್ಲಿ ಕಡಲು ಕಾಲಬುಡದಲ್ಲೇ,
ಎದುರಿಗೆ ಮೋಡ ಹೊದ್ದು ಕೂತ ದ್ವೀಪ, ಬಿಸಿ ಮೀನು.
ತಿನ್ನಿ. ತಂಗಬೇಡಿ. ರಾತ್ರಿಯೆಲ್ಲ ಲಾರಿಗಳು
ನಿಮ್ಮ ಪಕ್ಕದಲ್ಲೇ ಮಗ್ಗುಲು ಬದಲಿಸುತ್ತವೆ.
ಒಳಗೆ ಹೋದರೆ ತೊರೆಯ ದಂಡೆ ಇದೆ, ನೆರಳಿದೆ, ಪುಕ್ಕಟೆ.
ಆದರೆ ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ
ಎಂಬ ಗಾದೆ ಮೊಸಳೆಗೂ ಗೊತ್ತು.
ಅದಕ್ಕೂ ನಮ್ಮ ಹಾಗೆ ಅವಸರವಿಲ್ಲ.
ನಿನ್ನೆ ಪಾತ್ರೆ ತೊಳೆದಲ್ಲಿ ಇವತ್ತು ತೊಳೆಯಬೇಡಿ.

ಟಲ್ಲಿಯಲ್ಲಿ ಮಳೆ ಬರುತ್ತದೆ.
ಅಷ್ಟೇ. ಮುಂದೆ ಹೋಗಿ.

ಮಿಷನ್ ಬೀಚಿನ ದಾರಿಯಲ್ಲಿ ಕ್ಯಾಸೊವರಿ ಅಡ್ಡ ಬಂದರೆ
ಎಂಜಿನ್ ಆರಿಸಿ ಕಾಯಿರಿ. ನೆತ್ತಿಗೆ ಕೊಂಬು, ನೀಲಿ ಕತ್ತು,
ಮದುವೆಮನೆಗೆ ತಡವಾಗಿ ಬಂದ ಸೋದರತ್ತೆಯ ಗತ್ತು.
ತೆಂಕಣ ತುದಿಯ ಬಾದಾಮಿ ಮರದಡಿ, ನಲ್ಲಿಯಿಂದ ಮೂರನೆಯ ಜಾಗ
ನಮ್ಮದು. ಅಂದರೆ, ನಿಮ್ಮದು.
ಕತ್ತಲಾದ ಮೇಲೆ ಹೆಂಗಸೊಬ್ಬಳು ಗೋಳಿಟ್ಟಂತೆ ಕೇಳಿಸಿದರೆ
ಟಾರ್ಚು ಹಿಡಿದು ಓಡಬೇಡಿ, ಅದು ಹಕ್ಕಿ.
ಮೊದಲ ವರ್ಷ ನಾನು ಓಡಿದ್ದೆ, ರಾತ್ರಿಯಂಗಿಯಲ್ಲಿ;
ಏವಿಸ್ ಇವತ್ತಿಗೂ ಅದನ್ನು ನೆಂಟರ ಮುಂದೆ ನಟಿಸಿ ತೋರಿಸುತ್ತಾಳೆ.

ಡೇಂಟ್ರಿಯ ತೆಪ್ಪ ದಾಟಿದ ಮೇಲೆ ಫೋನು ಮೂಕ.
ವಿಲ್ಮಾಳ ಬಿಡಾರ ಕೇಳಿಕೊಂಡು ಹೋಗಿ.
ರಸ್ತೆ ಹುಟ್ಟುವ ಮುಂಚಿನಿಂದ ಆ ನೆಲ ಅವಳ ಅಜ್ಜಿಯರದು;
ಬೆಂಕಿ ಎಲ್ಲಿ ಹಾಕಲಿ ಎಂದು ಕೇಳಿಯೇ ಹಾಕಿ.
ಅಂದದ ಮರಳು ಬಿಟ್ಟು, ಬೇರು ತುಂಬಿದ ದಿಬ್ಬ ತೋರಿಸುತ್ತಾಳೆ.
ಗೊಣಗದೆ ನಿಲ್ಲಿಸಿ.
ರಾತ್ರಿ ಎರಡಕ್ಕೆ ಸಮುದ್ರ ಎದ್ದು ಬಂದು
ಆ ಅಂದದ ಮರಳಿನ ಮೇಲೆ ಮಲಗುತ್ತದೆ.

ಯಾಕೆ ಮಾರಿದಿರಿ ಎಂದು ಕೇಳಿದಿರಿ, ನಾನು ಟೈರಿನ ಮಾತೆತ್ತಿದೆ.
ನನ್ನ ಎಡಗಣ್ಣಿಗೆ ರಸ್ತೆಯ ಬಿಳಿಗೆರೆ ಎರಡಾಗಿದೆ.
ಏವಿಸ್‌ಗೆ ಚಪ್ಪಲಿ ಮೆಟ್ಟದೆ ಹೋಗಬಹುದಾದ ಬಚ್ಚಲು ಬೇಕಂತೆ,
ಕೇಕು ಬೇಯಿಸುವ ಒಲೆ ಬೇಕಂತೆ.
ಈಗ ಎರಡೂ ಇವೆ. ಕೇಕು ನಡುವೆ ಕುಸಿಯುತ್ತದೆ,
ನಾವು ಕುಸಿದ ಕಡೆಗೆ ಜ್ಯಾಮು ತುಂಬಿ ತಿನ್ನುತ್ತೇವೆ.

ಪಿಯೆರಿನಾ ವಿಚಾರಿಸಿದರೆ, ಬರುತ್ತಾರಂತೆ ಅನ್ನಿ.
ಯಾವಾಗ ಅಂದರೆ, ಟೈರಿನ ಮಾತೆತ್ತಿ.

ಇನ್ನೊಂದು.
ಹಿಂಬಾಗಿಲ ರಬ್ಬರಿನ ಸಂದಿಯಲ್ಲಿ ಹಸಿರು ಕಪ್ಪೆ ಇದೆ.
ಬೋವೆನ್‌ನಲ್ಲಿ ಹತ್ತಿದ್ದು, ಎಲ್ಲೂ ಇಳಿಯಲಿಲ್ಲ.
ಬೆಲೆಯಲ್ಲಿ ಅದೂ ಸೇರಿದೆ.
ಬಾಗಿಲು ಮೆಲ್ಲಗೆ ಹಾಕಿ.