ಒಡ್ಡಿನ ನಾಕು ಸಾಲು

ವಹಿ ಬರಿಯೋದು ನನ್ನ ಪಾಲಿಗೆ ಬಂತು.
ಅತ್ತಿಗೆ ಅಕ್ಷರ ಬರೂದಿಲ್ಲ, ಗಂಡಗ ತಾಳ್ಮಿ ಇಲ್ಲ,
ಏಳನೆತ್ತ ಕಲ್ತಾಕಿ ನಾನು
ದಂದಕ್ಕಿ ಮಗ್ಗಲ ಕುಂತು ತಾರೀಖು ಹಾಕಿದೆ.

ಮೊದಲನೇ ಪುಟ:
ಏಳೆಕರೆದಾಗ ಎರಡೇ ಎಕರೆ, ಮುಲ್ಲಾಮಾರಿ ಹೊಳಿ ಕಡಿಂದು.
"ಎಲ್ಲಾ ಒಮ್ಮಿಗೇ ಬಿಟ್ರ ಉಪಾಸ ಬೀಳ್ತೀವಿ" ಅಂದಳು
ಅತ್ತಿ ಸುಗಲಾಬಾಯಿ,
"ದಾರು ಕುಡಿಯೋನು ಸುದ್ದಾ ಹಂತ ಹಂತಲೇ ಬಿಡ್ತಾನ,
ಭೂಮಿ ಏನು ಕಡಿಮಿ ಕುಡದದೇನು?"

ಯುಗಾದಿ ಮುಂದ ಮೂರು ರಾತ್ರಿ ಕುರಿ ನಿಲ್ಲಿಸಿದಿವಿ.
ಕುರುಬರ ಮಾಳಪ್ಪಗ ರಾತ್ರಿಗೆ ಹತ್ತು ಸೇರು ಜೋಳ.
ಬರದೆ: ಕುರಿ ಇನ್ನೂರು. ಗೊಬ್ಬರ, ಲೆಕ್ಕ ಸಿಗಲಿಲ್ಲ.
ತಪಾಸಣಿಗೆ ಬಂದ ಹುಡುಗ ಪೆನ್ನು ತಡದು
"ಅಂದಾಜರೆ ಬರೀರಿ ಅಕ್ಕ" ಅಂದ.
ಹಿಕ್ಕಿ ಎಣಿಸೋದು ಹ್ಯಾಂಗಪಾ ಅಂದೆ.

ಎರಡು ಸಾಲು ಹೆಸರು, ಒಂದು ಸಾಲು ತೊಗರಿ.
ಹೆಸರು ಬಿಡಿಸಿದ ಮ್ಯಾಲ ಬಳ್ಳಿ ಕಿತ್ತು
ಅಲ್ಲೇ ಸಾಲಿನಾಗ ಹಾಸಿದಿವಿ, ಬಾಣಂತಿಗಿ ಹೊಚ್ಚಿದಂಗ.
ನಲವತ್ತೈದನೇ ದಿನ ತೊಗರಿ ಕುಡಿ ಚೂಟಿದಿವಿ.
ಚೂಟಿಸಿಕೊಂಡ ಗಿಡ ಸಿಟ್ಟಿಗೆದ್ದು
ಅಡ್ಡಡ್ಡ ಹಬ್ಬಿ ನಿಂತವು.

ಇಷ್ಟೆಲ್ಲಾ ವಹಿದಾಗ ಅದ.

ಇಲ್ಲದ್ದು ಇದು:
ಒಡ್ಡಿನ ಆ ಕಡಿ ಮಸ್ತಾನಸಾಬನ ಹೊಲ.
ಹದಿನಾರು ವರ್ಷ ಎರಡೂ ಮನಿಗೆ ಒಂದೇ ಪಂಪು,
ಅವನ ಔಷಧ ಮುಗದಿಂದ ನಮ್ಮದು, ನಮ್ಮದು ಮುಗದಿಂದ ಅವನದು.
ಅದನ್ನ ತೊಳದು, ಒಣಗಿಸಿ, ತಿರುಗಿ ಕೊಡಲಿಕ್ಕೆ ಹೋದೆ.
ಖಾಸಿಂಬಿ ಬಾಗಿಲದಾಗೇ ನಿಂತಳು:
"ಯಾಕ, ನಮ್ಮ ಪಂಪು ಮುಟ್ಟಿದ್ರ ಮೈಲಿಗಿ ಆಗ್ತದೇನು ಈಗ?"
ನಾನು ಇಲ್ಲ ಅಂದೆ, ವರ್ಷ ಮೂರು ಅಂದೆ, ಕಾಯ್ದೆ ಅಂದೆ.
ಎಷ್ಟು ಹೇಳಿದರೂ
ಶುದ್ಧ ಅನ್ನೋ ಮಾತು ಬಾಯಿಂದ ಬಿದ್ದಾಗೆಲ್ಲ
ಬ್ಯಾರೇ ಏನೋ ಸಪ್ಪಳ ಆಗ್ತಿತ್ತು.

ಒಡ್ಡಿಗುಂಟ ಜೋಳದ ಗ್ವಾಡಿ ಎಬ್ಬಿಸಿದಿವಿ, ಗಾಳಿ ತಡಿಲಿಕ್ಕೆ.
ಮಸ್ತಾನ ಏನೂ ಅನ್ನಲಿಲ್ಲ.
ಔಷಧ ಹೊಡಿಯೋ ದಿನ ಮುಂಜಾನಿ ಫೋನ್ ಬರ್ತಿತ್ತು:
"ಗಾಳಿ ನಿಮ್ಮ ಕಡಿ ಅದ. ನಾಳಿ ನೋಡ್ತೀನಿ."
ಅಷ್ಟೇ ಮಾತು. ಇಟ್ಟುಬಿಡ್ತಿದ್ದ.

ಚಳಿ ಬಿತ್ತು, ಹೂವ ಬಂತು, ಹೂವಿನ ಬೆನ್ನಿಗೇ ಹಸರ ಹುಳ.
ಬೇವಿನ ಬೀಜದ ಕಷಾಯಕ್ಕ ಅರ್ಧ ಸತ್ತವು,
ಜೋಳದ ತೆನಿ ಮ್ಯಾಲ ಕುಂತ ಹಕ್ಕಿಗೋಳು ಕೆಲವಷ್ಟು ತಿಂದವು,
ಉಳದವಕ್ಕ ತಾಡಪತ್ರಿ ಹಾಸಿ
ಒಂದೊಂದೇ ಗಿಡ ಹಿಡದು ಅಲುಗಿದಿವಿ.
ಪಟ ಪಟ ಪಟ, ಒಣ ಮಳಿ.
ಬುಟ್ಟಿ ತುಂಬ ಹುಳ ಒಯ್ದು
ಖಾಸಿಂಬಿ ಅಂಗಳದಾಗ ಸುರುವಿದೆ.
ಕೋಳಿಗೋಳಿಗೆ ಮೈಲಿಗಿ ಗೊತ್ತಿಲ್ಲ, ಮುಕ್ಕರಿಸಿ ಬಂದವು.
ಮರುದಿನ ತಾಡಪತ್ರಿ ಆ ತುದಿ ಹಿಡಿಲಿಕ್ಕೆ ಆಕೀನೇ ಬಂದಳು.
"ಕೋಳಿ ಸಲುವಾಗಿ" ಅಂದಳು, ನನ್ನ ಮುಖ ನೋಡದೇ.

ರಾಶಿ ಆತು. ಮೊದಲ ಹದಿಮೂರು ಚೀಲ ಬರ್ತಿತ್ತು, ಈಗ ಎಂಟು.
ಎರಡನೇ ವರ್ಷದ ಮಾಲಿಗೆ ಹೆಸರಿಲ್ಲ,
ಮಂಡಿದಾಗ ಎಲ್ಲರ ಭಾವವೇ ನಮ್ಮದೂ.
ಒಡ್ಡಿನ ನಾಕು ಸಾಲು ಮಾತ್ರ ಬ್ಯಾರೆ ಕೊಯ್ದು
ಬ್ಯಾರೆ ಬಡದು ಬ್ಯಾರೆ ಚೀಲಕ್ಕ ಹಾಕಬೇಕು.
ಆ ಸಾಲು ಲೆಕ್ಕಕ್ಕಿಲ್ಲ.
ಅದೇ ಕುರಿ ಮಲಗಿದ ಮಣ್ಣು, ಅದೇ ಕೈ ಚೂಟಿದ ಕುಡಿ.

ಛಲೋದು ಮಾರಾಟಕ್ಕ ಹೋತು.
ಸಂಶೇದ್ದು ಮನಿಯಾಗ ಉಳೀತು.
ಅತ್ತಿ ಅದನ್ನೇ ಬೀಸಿ ಬ್ಯಾಳಿ ಮಾಡಿ, ಕುದಿಸಿ,
ರೊಟ್ಟಿ ಮುರದು ಅದ್ದಿ ಬಾಯಾಗಿಟ್ಟು
ಸ್ವಲ್ಪ ಹೊತ್ತು ಸುಮ್ಮಕಿದ್ದು
"ಉಪ್ಪು ಕಡಿಮಿ ಆಗ್ಯದ" ಅಂದಳು.

ಎರಡು ಸೇರು ಬ್ಯಾಳಿ ಒಡ್ಡು ದಾಟಿಸಿ ಬಂದು
ವಹಿ ತಗದೆ.
ಯಾವ ಖಾನಿದಾಗ ಬರೀಲಿ ತಿಳಿಲಿಲ್ಲ.
ಪುಟದ ಅಂಚಿಗಿ, ಸಣ್ಣಂಗ, ಬರದೆ:
ನಾಕು ಸಾಲು. ಎರಡು ಮನಿ ಉಂಡಿವಿ.